ದಾರಿಯ ನೀರು, ದಾರಿಯ ಬುತ್ತಿ

ದೂರದ ಊರಿಗೆ ಹೊರಟವರನ್ನು ನಮ್ಮ ಮನೆಗಳಲ್ಲಿ ಮೊದಲು ಕೇಳುವುದು ‘ಟಿಕೆಟ್ ಮಾಡಿಸಿದೆಯಾ?’ ಎಂದಲ್ಲ, ‘ನೀರು ಇಟ್ಟುಕೊಂಡೆಯಾ? ತಿನ್ನುವುದಕ್ಕೆ ಏನು ಕಟ್ಟಿಕೊಂಡೆ?’ ಎಂದು. ಬಸ್ಸಿನಲ್ಲಿ ಮೂರೇ ಗಂಟೆಯ ಪ್ರಯಾಣವಾದರೂ ಸರಿ, ಪುಳಿಯೋಗರೆಯ ಡಬ್ಬಿ, ನೀರಿನ ಬಾಟಲಿ ಚೀಲ ಸೇರಲೇಬೇಕು. ದಾರಿ ಎಂದರೆ ಹಸಿವು, ದಾರಿ ಎಂದರೆ ಬಾಯಾರಿಕೆ ಎನ್ನುವುದನ್ನು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ದಾರಿಯನ್ನು ಸ್ವಂತ ಕಾಲಿನ ಮೇಲೆ, ಅದೂ ಓಡಿಕೊಂಡೇ ಸವೆಸುವವರಿಗೆ ಏನು ಕೊಡಬೇಕು, ಎಷ್ಟು ಕೊಡಬೇಕು? ಕೇಳುವುದಕ್ಕೆ ಸುಲಭವಾದ ಪ್ರಶ್ನೆ. ಸರಿಯಾದ ಉತ್ತರ ಹುಡುಕಲು ಮಾತ್ರ ಜಗತ್ತಿಗೆ ನೂರು ವರ್ಷ ಹಿಡಿಯಿತು.

ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತದ್ದು ನಮ್ಮ ಮೈಸೂರಿನ ರಾಜೀವನಗರದಿಂದಲೇ. ಇಲ್ಲಿ ಬೆಳಗಿನ ಹೊತ್ತು ನಡೆಯಲು ಹೋಗುವ ಹೆಂಗಸರಿಗೇನೂ ಕಡಿಮೆಯಿಲ್ಲ. ಸೀರೆಯ ಕೆಳಗೆ ಕ್ಯಾನ್‌ವಾಸ್ ಶೂ ಹಾಕಿದವರು, ಚೂಡಿದಾರದವರು, ಬುರ್ಖಾದವರು ಎಲ್ಲರೂ ಇದ್ದಾರೆ. ಈಚಿನ ವರ್ಷಗಳಲ್ಲಿ ಅವರಲ್ಲಿ ಕೆಲವರು ನಡಿಗೆ ಬಿಟ್ಟು ಓಟಕ್ಕೆ ಇಳಿದಿದ್ದಾರೆ. ಮೊದಲು ಎರಡು ಕಿಲೋಮೀಟರು, ಆಮೇಲೆ ಐದು, ಹತ್ತು. ಕೊನೆಗೆ ‘ಅರ್ಧ ಮ್ಯಾರಥಾನ್’ ಎಂಬ 21 ಕಿಲೋಮೀಟರಿನ ಆಸೆ. ಅಲ್ಲಿಂದ ಶುರು ನೋಡಿ, ನೀರಿನ ಜಗಳ! ‘ಓಡುವಾಗ ಒಂದು ಹನಿಯೂ ಕುಡಿಯಬಾರದು, ಹೊಟ್ಟೆ ಹಿಡಿದುಕೊಳ್ಳುತ್ತದೆ’ ಎಂದು ಒಬ್ಬರು. ‘ಬಾಯಾರಿಕೆ ಆಗುವ ಮೊದಲೇ ಕುಡಿಯಬೇಕು, ಎಷ್ಟು ಕುಡಿದರೂ ಒಳ್ಳೆಯದೇ’ ಎಂದು ಇನ್ನೊಬ್ಬರು. ‘ನೀರಿನಲ್ಲಿ ಏನಿದೆ ಮಣ್ಣು, ಗ್ಲೂಕೋಸ್ ಪುಡಿ ಕಲಸಿಕೊಳ್ಳಿ’ ಎಂದು ಮೂರನೆಯವರು. ‘ನಮ್ಮ ಉಪ್ಪು ಹಾಕಿದ ನೀರುಮಜ್ಜಿಗೆ ಸಾಲದೆ?’ ಎಂದು ನಾಲ್ಕನೆಯವರು. ಯಾರೂ ಸುಮ್ಮನೆ ಹೇಳುತ್ತಿಲ್ಲ. ಈ ನಾಲ್ಕು ಮಾತಿಗೂ ಒಂದೊಂದು ಇತಿಹಾಸವಿದೆ. ಒಂದೊಂದು ಕಾಲದಲ್ಲಿ ದೊಡ್ಡ ದೊಡ್ಡವರೇ ಅವನ್ನು ಸತ್ಯವೆಂದು ನಂಬಿದ್ದರು.

ಹಾಗೆ ನೋಡಿದರೆ ಮೈಸೂರಿಗೆ ದೂರದ ಓಟ ಹೊಸದಲ್ಲ. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿದ ‘ಅಂಚೆ’ ವ್ಯವಸ್ಥೆ ನಡೆದದ್ದೇ ಓಟಗಾರರ ಕಾಲಿನ ಮೇಲೆ. ಇವತ್ತಿಗೂ ನಾವು ಪೋಸ್ಟಿಗೆ ಅಂಚೆ ಎಂದೇ ಹೇಳುತ್ತೇವೆ. ಕಾಗದದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡುತ್ತಿದ್ದ ಆ ಆಳುಗಳು ಬಿಸಿಲು, ಮಳೆ, ಕಾಡು ಯಾವುದಕ್ಕೂ ನಿಲ್ಲುವಂತಿರಲಿಲ್ಲ. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗುವ ತನಕ, ಎಂದರೆ ಇನ್ನೂರು ವರ್ಷ, ಈ ಸೀಮೆಯ ಸುದ್ದಿಯೆಲ್ಲ ಹೀಗೆ ಓಡಾಡಿತು. ಒಬ್ಬನೇ ಇಡೀ ದಾರಿ ಓಡುತ್ತಿರಲಿಲ್ಲ. ಒಂದು ಹಂತ ಮುಗಿಸಿ ಮುಂದಿನವನ ಹೆಗಲಿಗೆ ಚೀಲ ದಾಟಿಸುತ್ತಿದ್ದ. ಮನುಷ್ಯನ ಮೈಯಲ್ಲಿ ಒಂದೇ ಉಸಿರಿಗೆ ಎಷ್ಟು ದೂರದ ಶಕ್ತಿ ಇದೆ ಎಂಬ ಲೆಕ್ಕ ಆ ಏರ್ಪಾಟಿನೊಳಗೇ ಇತ್ತು. ಅವರು ಹುಟ್ಟಿ ಬೆಳೆದದ್ದು ರಾಗಿಯ ಸೀಮೆಯಲ್ಲಿ. ಬೆಳಿಗ್ಗೆ ಅಂಬಲಿ ಕುಡಿದು, ಮಧ್ಯಾಹ್ನ ಮುದ್ದೆ ನುಂಗಿ ಹೊಲ ಉಳುವ ಜನರ ನಾಡು ಇದು.

ನೀರು? ನೀರು ದಾರಿಯಲ್ಲೇ ಇರಬೇಕಾಗಿತ್ತು. ಅದಕ್ಕೆಂದೇ ಅರವಟ್ಟಿಗೆಗಳಿದ್ದವು. ಹಳಗನ್ನಡದಲ್ಲಿ ‘ಅಱ’ ಎಂದರೆ ಧರ್ಮ. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗೆ ಭೂಮಿ ಬಿಟ್ಟುಕೊಟ್ಟ ದಾನಗಳು ನಮ್ಮ ಹಳೆಯ ಶಾಸನಗಳಲ್ಲಿ ಸಿಗುತ್ತವೆ. ಕೆರೆ ಕಟ್ಟಿಸು, ಬಾವಿ ತೋಡಿಸು, ಅರವಟ್ಟಿಗೆ ಇಡಿಸು ಎಂಬ ಮಾತು ಹುಟ್ಟಿದ್ದು ಹೀಗೆ. ಬರಿಯ ನೀರನ್ನೇ ಕೊಟ್ಟರು ಎಂದೂ ಅಲ್ಲ. ಚೈತ್ರದ ಸುಡು ಬಿಸಿಲಿಗೆ ಬರುವ ರಾಮನವಮಿಯ ಹೊತ್ತಿಗೆ ಮೈಸೂರಿನ ಬೀದಿಬೀದಿಯಲ್ಲಿ ಹಂಚುವುದು ಏನನ್ನು, ಯೋಚಿಸಿ. ಬೆಲ್ಲ, ನಿಂಬೆಹಣ್ಣು, ಏಲಕ್ಕಿ, ಶುಂಠಿ ಬೆರೆತ ಪಾನಕ. ಉಪ್ಪು, ಇಂಗು, ಕರಿಬೇವು ಹಾಕಿದ ನೀರುಮಜ್ಜಿಗೆ. ನೆನೆಸಿದ ಹೆಸರುಬೇಳೆಯ ಕೋಸಂಬರಿ. ಸಕ್ಕರೆ ಒಂದರಲ್ಲಿ, ಉಪ್ಪು ಇನ್ನೊಂದರಲ್ಲಿ, ತಿನ್ನುವುದು ಮತ್ತೊಂದರಲ್ಲಿ.

ನಮ್ಮ ರಾಜೀವನಗರದ ಮುಸ್ಲಿಂ ಮನೆಗಳ ಹಬ್ಬದಲ್ಲೂ ಇದೇ ಧರ್ಮ ಇನ್ನೊಂದು ಹೆಸರಿನಲ್ಲಿದೆ. ಮೊಹರಮ್ಮಿನ ದಿನಗಳಲ್ಲಿ ಬೀದಿ ಬದಿಗೆ ನೀರು, ಶರಬತ್ತು ಇಟ್ಟು ಹಂಚುವುದಕ್ಕೆ ‘ಸಬೀಲ್’ ಎನ್ನುತ್ತಾರೆ. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳುಗಾಡಿನಲ್ಲಿ ಇಮಾಮ್ ಹುಸೇನರಿಗೂ ಅವರ ಜೊತೆಗಿದ್ದ ಹೆಂಗಸರು ಮಕ್ಕಳಿಗೂ ನೀರು ಸಿಗದಂತೆ ತಡೆದರು. ಆ ಬಾಯಾರಿಕೆಯ ನೆನಪಿಗೆ ಈ ನೀರು. ಅರವಟ್ಟಿಗೆಯವರು ಪುಣ್ಯಕ್ಕೆಂದು ಕೊಟ್ಟರೆ ಸಬೀಲಿನವರು ಒಂದು ದುಃಖವನ್ನು ನೆನೆದು ಕೊಡುತ್ತಾರೆ. ಕುಡಿಯುವವನ ಗಂಟಲಿಗೆ ಎರಡೂ ಒಂದೇ.

ಇಂಥ ನಾಡಿನಲ್ಲಿ ಬೆಳೆದ ನಮಗೆ, ಓಡುವವರಿಗೆ ನೀರು ಕೊಡಬಾರದು ಎಂದು ವಿದ್ಯಾವಂತರೇ ವಾದಿಸಿದ್ದರು ಎಂದರೆ ನಂಬುವುದು ಕಷ್ಟ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಒಲಿಂಪಿಕ್ಸ್ ನಡೆಯಿತು. ಆಗಸ್ಟ್ 30ರ ಮಧ್ಯಾಹ್ನ, ಧೂಳೆದ್ದ ರಸ್ತೆ, 32 ಡಿಗ್ರಿಯ ಬಿಸಿಲು. ಮ್ಯಾರಥಾನ್ ಓಟಗಾರರಿಗೆ ಇಡೀ ದಾರಿಯಲ್ಲಿ ನೀರು ಸಿಕ್ಕಿದ್ದು ಒಂದೆರಡು ಕಡೆ ಮಾತ್ರ. ನೀರಿಲ್ಲದೆ ದೇಹ ಎಷ್ಟು ತಾಳುತ್ತದೆ ಎಂದು ನೋಡುವ ಕುತೂಹಲ ಸಂಘಟಕರಿಗಿತ್ತಂತೆ. ಹೊರಟವರು 32 ಮಂದಿ, ಮುಟ್ಟಿದವರು 14. ಗೆದ್ದ ಥಾಮಸ್ ಹಿಕ್ಸ್‌ಗೆ ಜೊತೆಯವರು ದಾರಿಯಲ್ಲಿ ನೀರಿನ ಬದಲು ಮೊಟ್ಟೆಯ ಬಿಳಿ, ಬ್ರಾಂದಿ, ಅದರ ಜೊತೆಗೆ ಸ್ಟ್ರಿಕ್ನೈನ್ ಎಂಬ ವಿಷದ ಸಣ್ಣ ಪ್ರಮಾಣವನ್ನು ಕೊಟ್ಟಿದ್ದರು! ಆಗ ಅದು ಉತ್ತೇಜಕ ಔಷಧಿ ಎಂಬ ನಂಬಿಕೆ. ಕ್ಯೂಬಾದಿಂದ ಬಂದಿದ್ದ ಫೆಲಿಕ್ಸ್ ಕಾರ್ವಹಾಲ್ ಹಸಿವು ತಡೆಯದೆ ದಾರಿಯ ತೋಟದ ಸೇಬು ತಿಂದ, ಅದು ಕೊಳೆತಿತ್ತು, ಹೊಟ್ಟೆ ಹಿಡಿದುಕೊಂಡಿತು, ಆದರೂ ನಾಲ್ಕನೆಯವನಾಗಿ ಮುಟ್ಟಿದ ಎಂದು ಹೇಳುತ್ತಾರೆ. ನಮ್ಮ ಕಡೆಯಾಗಿದ್ದರೆ ಯಾರಾದರೂ ಒಬ್ಬ ಅಜ್ಜಿ ಬಾಗಿಲಿಗೆ ಬಂದು ಒಂದು ಚೊಂಬು ಮಜ್ಜಿಗೆ ಕೊಟ್ಟಿರುತ್ತಿದ್ದಳು ಎಂದು ಇದನ್ನು ಓದಿದಾಗೆಲ್ಲ ನನಗೆ ಅನ್ನಿಸುತ್ತದೆ.

ನೀರಿನ ವಿಷಯದಲ್ಲಿ ಹಟ ಬಹಳ ವರ್ಷ ಉಳಿಯಿತು. 1953ರ ಅಂತಾರಾಷ್ಟ್ರೀಯ ನಿಯಮದ ಪ್ರಕಾರವೂ ಮ್ಯಾರಥಾನಿನಲ್ಲಿ ಮೊದಲ 15 ಕಿಲೋಮೀಟರು ಕಳೆಯುವ ತನಕ ಸಂಘಟಕರು ಏನನ್ನೂ ಕೊಡಬೇಕಾಗಿರಲಿಲ್ಲ. ‘ಓಡುವಾಗ ಒಂದು ಹನಿಯೂ ಕುಡಿಯಬಾರದು’ ಎನ್ನುವ ನಮ್ಮ ನೆರೆಯಾಕೆಯ ಮಾತಿನ ಹಿಂದೆ ಇಷ್ಟು ದೊಡ್ಡವರಿದ್ದಾರೆ!

ತಿನ್ನುವ ವಿಷಯದಲ್ಲಿ ಬುದ್ಧಿ ಸ್ವಲ್ಪ ಬೇಗ ಬಂತು. 1924ರಲ್ಲಿ ಬಾಸ್ಟನ್ ಮ್ಯಾರಥಾನ್ ಮುಗಿಸಿದ ಕೆಲವರ ರಕ್ತ ಪರೀಕ್ಷೆ ಮಾಡಿದ ವೈದ್ಯರಿಗೆ, ತೀರ ಸುಸ್ತಾಗಿ ಮುಖ ಬಿಳಿಚಿದವರ ರಕ್ತದಲ್ಲಿ ಸಕ್ಕರೆ ಬಹಳ ಇಳಿದಿದ್ದು ಕಂಡಿತು. ಮರುವರ್ಷ ಅವರು ಓಟಗಾರರಿಗೆ ದಾರಿಯಲ್ಲಿ ತಿನ್ನಲು ಸಕ್ಕರೆ ಮಿಠಾಯಿ ಕೊಟ್ಟರು. ಅವರು ಎಷ್ಟೋ ಗೆಲುವಾಗಿ ಓಟ ಮುಗಿಸಿದರು. ಸ್ಕೂಲಿಗೆ ಹೊರಟ ಮಗುವಿನ ಜೇಬಿಗೆ ಪೆಪ್ಪರ್‌ಮಿಂಟ್ ತುರುಕುವ ತಾಯಿಯ ಬುದ್ಧಿಗೆ ಹೀಗೆ ವೈದ್ಯಶಾಸ್ತ್ರದ ಮೊಹರು ಬಿತ್ತು.

ಇಷ್ಟು ಹೊತ್ತಿನ ತನಕ ನಾನು ಹೇಳಿದ ಓಟಗಾರರೆಲ್ಲ ಗಂಡಸರೇ ಎನ್ನುವುದನ್ನು ನೀವು ಗಮನಿಸಿರಬಹುದು. ಹೆಂಗಸರಿಗೆ ನೀರು ಕೊಡುವ ಪ್ರಶ್ನೆ ಆಮೇಲಿನದು. ಅವರಿಗೆ ದಾರಿಯನ್ನೇ ಕೊಟ್ಟಿರಲಿಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ 800 ಮೀಟರ್ ಓಡಿದ ಹೆಂಗಸರು ಮುಟ್ಟಿದ ಮೇಲೆ ಸುಸ್ತಾದರೆಂಬುದನ್ನೇ ದೊಡ್ಡದು ಮಾಡಿ, ಆ ಓಟವನ್ನೇ 1960ರ ವರೆಗೆ ಒಲಿಂಪಿಕ್ಸಿನಿಂದ ತೆಗೆದುಹಾಕಿದರು. ಗಂಡಸರು ಸುಸ್ತಾಗಿ ಬಿದ್ದರೆ ವೀರರು, ಹೆಂಗಸರು ಬಿದ್ದರೆ ಅಬಲೆಯರು! 1967ರಲ್ಲಿ ಕ್ಯಾಥರೀನ್ ಸ್ವಿಟ್ಜರ್ ಬಾಸ್ಟನ್ ಮ್ಯಾರಥಾನಿನಲ್ಲಿ ನಂಬರು ಕಟ್ಟಿಕೊಂಡು ಓಡಿದಾಗ ಅಧಿಕಾರಿಯೊಬ್ಬ ಹಿಂದಿನಿಂದ ಬಂದು ಆಕೆಯ ನಂಬರು ಕಿತ್ತುಕೊಳ್ಳಲು ನೋಡಿದ. ಬಾಸ್ಟನ್ ಹೆಂಗಸರಿಗೆ ಬಾಗಿಲು ತೆರೆದದ್ದು 1972ರಲ್ಲಿ. ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನ್ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ.

ಆ ಮೊದಲ ಓಟವನ್ನು ಅಮೆರಿಕದ ಜೋನ್ ಬೆನೋಯ್ಟ್ ಗೆದ್ದರು. ಆದರೆ ಜನ ಇವತ್ತಿಗೂ ನೆನೆಯುವುದು ಅಂದು 37ನೆಯವರಾಗಿ ಬಂದ ಸ್ವಿಟ್ಜರ್ಲೆಂಡಿನ ಗೇಬ್ರಿಯೆಲಾ ಆಂಡರ್ಸನ್-ಶೀಸ್ ಅವರನ್ನು. ವಯಸ್ಸು 39. ಬಿಸಿಲು ಏರಿತ್ತು, ಕೊನೆಯ ನೀರಿನ ಮೇಜು ಅವರ ಕೈತಪ್ಪಿತ್ತು. ಕ್ರೀಡಾಂಗಣದೊಳಗೆ ಬಂದಾಗ ಅವರ ಮೈ ಒಂದು ಕಡೆಗೆ ವಾಲಿತ್ತು, ಒಂದು ಕೈ ಜೋತಾಡುತ್ತಿತ್ತು, ಕಾಲು ಎಲ್ಲಿಯೋ ಬೀಳುತ್ತಿತ್ತು. ವೈದ್ಯರು ಹತ್ತಿರ ಬಂದರು. ಮೈಮುಟ್ಟಿದರೆ ಸ್ಪರ್ಧೆಯಿಂದ ಹೊರಕ್ಕೆ! ಆಕೆ ಸರಿದು ನಿಂತರು. ಇನ್ನೂ ಬೆವರುತ್ತಿದ್ದಾರೆ ಎಂಬುದನ್ನು ಕಂಡು ವೈದ್ಯರು ಬಿಟ್ಟರು. ಕೊನೆಯ ಒಂದು ಸುತ್ತಿಗೆ ಐದು ಮುಕ್ಕಾಲು ನಿಮಿಷ ಹಿಡಿಯಿತು. ಒಂದು ಲೋಟ ನೀರಿನ ಬೆಲೆ ಏನೆಂದು ಜಗತ್ತು ಟೆಲಿವಿಷನ್ನಿನಲ್ಲಿ ಕಣ್ಣಾರೆ ಕಂಡ ದಿನ ಅದು.

ಇನ್ನು ಗ್ಲೂಕೋಸ್ ಪುಡಿಯವರ ಕತೆ. 1965ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ಬಿಸಿಲಿಗೆ ಬಳಲುತ್ತಿದ್ದುದನ್ನು ಕಂಡು ಡಾ. ರಾಬರ್ಟ್ ಕೇಡ್ ಎಂಬುವರು ನೀರು, ಸಕ್ಕರೆ, ಉಪ್ಪು ಬೆರೆಸಿ ಒಂದು ಪಾನೀಯ ಮಾಡಿದರು. ಬಾಯಿಗಿಡುವಂತಿರಲಿಲ್ಲ. ಆಗ ಅವರ ಹೆಂಡತಿ ಮೇರಿ ‘ಅದಕ್ಕೆ ನಿಂಬೆಹಣ್ಣು ಹಿಂಡಬಾರದೆ?’ ಎಂದರು. ಅಲ್ಲಿಗೆ ಕೋಟಿಗಟ್ಟಲೆ ಡಾಲರ್ ವ್ಯಾಪಾರದ ಗೇಟರೇಡ್ ಹುಟ್ಟಿತು. ನೀರು, ಸಕ್ಕರೆ, ಉಪ್ಪು, ನಿಂಬೆಹಣ್ಣು! ನಮ್ಮ ಅಡುಗೆಮನೆಯ ಶರಬತ್ತನ್ನು ಪ್ರಯೋಗಶಾಲೆಯ ದಾರಿಯಿಂದ ಸುತ್ತಿಸಿಕೊಂಡು ಬಂದ ಹಾಗಾಯಿತು.

ಆದರೆ ಸಕ್ಕರೆ, ಉಪ್ಪಿನ ನಿಜವಾದ ಮಹಿಮೆ ತಿಳಿದದ್ದು ಆಟದ ಮೈದಾನದಲ್ಲಲ್ಲ, ರೋಗಿಗಳ ಹಾಸಿಗೆಯ ಪಕ್ಕದಲ್ಲಿ. ನಮ್ಮ ಕರುಳಿನ ಗೋಡೆಯಲ್ಲಿ ಒಂದು ಜೋಡಿ ಬಾಗಿಲಿದೆ. ಉಪ್ಪಿನಲ್ಲಿರುವ ಸೋಡಿಯಂ ಮತ್ತು ಗ್ಲೂಕೋಸ್ ಕೈಕೈ ಹಿಡಿದು ಬಂದರೆ ಅದು ತೆರೆದು ಎರಡನ್ನೂ ಒಳಗೆ ಬಿಡುತ್ತದೆ. ಅವುಗಳ ಹಿಂದೆಯೇ ನೀರೂ ನುಗ್ಗುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಈ ಗುಟ್ಟನ್ನು ಮುಂದಿಟ್ಟರು. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಕಾಲ. ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾದ ಲೆಕ್ಕದಲ್ಲಿ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿದರು. ಕುಡಿಸುವ ಕೆಲಸವನ್ನು ರೋಗಿಗಳ ತಾಯಂದಿರಿಗೆ, ಬಂಧುಗಳಿಗೆ ಒಪ್ಪಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಓಆರ್‌ಎಸ್ ಪೊಟ್ಟಣ ಮನೆಮನೆಗೆ ಬಂದದ್ದು ಇಂಥ ಅನುಭವಗಳಿಂದ. ಅವರಿಗೆ 2023ರಲ್ಲಿ, ತೀರಿಕೊಂಡ ಮೇಲೆ, ಪದ್ಮವಿಭೂಷಣ ಬಂತು. ದೂರ ಓಡಿ ಬೆವರು ಸುರಿಸಿದವರ ಮೈಯಲ್ಲೂ ಅದೇ ಬಾಗಿಲು ಕೆಲಸ ಮಾಡುತ್ತದೆ.

ಇಷ್ಟಾದ ಮೇಲಾದರೂ ಜಗತ್ತು ನೆಟ್ಟಗೆ ನಡೆಯಬೇಕಿತ್ತು. ಆದರೆ ಲೋಲಕ ಈ ತುದಿಯಿಂದ ಆ ತುದಿಗೆ ಹೋಯಿತು. ನೀರೇ ಕುಡಿಯಬಾರದು ಎನ್ನುತ್ತಿದ್ದವರು, ಬಾಯಾರಿಕೆಗೆ ಕಾಯಬೇಡಿ, ಎಷ್ಟು ಸಾಧ್ಯವೋ ಅಷ್ಟು ಕುಡಿಯಿರಿ ಎನ್ನತೊಡಗಿದರು. 1996ರಲ್ಲಿ ಅಮೆರಿಕದ ಕ್ರೀಡಾವೈದ್ಯರ ಸಂಸ್ಥೆ ಗಂಟೆಗೆ 600ರಿಂದ 1200 ಮಿಲಿಲೀಟರ್ ವರೆಗೆ ಕುಡಿಯಬಹುದು ಎಂದಿತು. ಪಾನೀಯದ ಕಂಪನಿಗಳಿಗೆ ಇದಕ್ಕಿಂತ ಬೇಕೆ? ಅಷ್ಟರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೇರೆಯದೇ ಎಚ್ಚರಿಕೆಯ ಗಂಟೆ ಬಾರಿಸಿತ್ತು. ಅಲ್ಲಿ 1981ರ ಕಾಮ್ರೇಡ್ಸ್ ಓಟದಲ್ಲಿ ಒಬ್ಬ ಹೆಂಗಸು ಪ್ರಜ್ಞೆ ತಪ್ಪಿದ್ದು ನೀರು ಕಡಿಮೆಯಾಗಿ ಅಲ್ಲ, ಹೆಚ್ಚಾಗಿ! ಡಾ. ಟಿಮ್ ನೋಕ್ಸ್ ಇಂಥ ನಾಲ್ಕು ಪ್ರಸಂಗಗಳನ್ನು 1985ರಲ್ಲಿ ವರದಿ ಮಾಡಿದರು. ಕೇಳಿಸಿಕೊಂಡವರು ಕಡಿಮೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 28 ವರ್ಷದ ಸಿಂಥಿಯಾ ಲುಸೆರೋ ಕುಸಿದು ಬಿದ್ದು ತೀರಿಕೊಂಡರು. ರಕ್ತದಲ್ಲಿ ಸೋಡಿಯಂ ಅತಿಯಾಗಿ ತೆಳುವಾಗಿತ್ತು.

ಇದು ಹೇಗೆಂದು ಅಡುಗೆಮನೆಯ ಮಾತಿನಲ್ಲಿ ಹೇಳುತ್ತೇನೆ. ಸಾರಿಗೆ ನೀರು ಸುರಿಯುತ್ತ ಹೋದರೆ ಉಪ್ಪು ಸಪ್ಪೆಯಾಗುವುದಿಲ್ಲವೆ? ರಕ್ತವೂ ಹಾಗೇ. ಬೆವರಿನಲ್ಲಿ ಒಂದಷ್ಟು ಉಪ್ಪು ಹೋಗಿದೆ, ಮೇಲಿಂದ ಮೇಲೆ ನೀರು ಬೀಳುತ್ತಿದೆ. ರಕ್ತ ಸಪ್ಪೆಯಾದಾಗ ನೀರು ಮಿದುಳಿನ ಕೋಶಗಳೊಳಗೆ ಸೇರಿ ಅವು ಊದಿಕೊಳ್ಳುತ್ತವೆ. ತಲೆನೋವು, ವಾಂತಿ, ಮಂಕು, ಕೊನೆಗೆ ಪ್ರಜ್ಞೆ ತಪ್ಪುವುದು. ನೋಡಿದವರು ‘ಅಯ್ಯೋ ಬಾಯಾರಿದ್ದಾಳೆ’ ಎಂದು ಇನ್ನಷ್ಟು ನೀರು ಕುಡಿಸಿದರೆ ಅದೇ ವಿಷ. ಅದೇ ಬಾಸ್ಟನ್ ಓಟದ 488 ಜನರ ರಕ್ತ ಪರೀಕ್ಷೆಯ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ನೂರಕ್ಕೆ 13 ಮಂದಿಯ ರಕ್ತ ಹೀಗೆ ಸಪ್ಪೆಯಾಗಿತ್ತು. ಓಡಿದ ಮೇಲೆ ತೂಕ ಇಳಿಯುವ ಬದಲು ಏರಿದವರಿಗೇ ಅಪಾಯ ಹೆಚ್ಚು ಎಂದು ತಿಳಿಯಿತು. ಸಣ್ಣ ಮೈಯವರಿಗೆ, ನಿಧಾನವಾಗಿ ಓಡುವವರಿಗೆ ಈ ಎಚ್ಚರ ಇನ್ನೂ ಬೇಕು. ಮೈ ಸಣ್ಣದು, ಬೆವರು ಕಡಿಮೆ, ನೀರಿನ ಮೇಜಿನ ಹತ್ತಿರ ನಿಲ್ಲಲು ಸಮಯ ಹೆಚ್ಚು. ಹೆಂಗಸರಲ್ಲಿ ಇಂಥವರೇ ಜಾಸ್ತಿ. ದೊಡ್ಡ ಮೈಯ ಗಂಡಸಿನ ಲೆಕ್ಕದ ನೀರನ್ನು 50 ಕೆ.ಜಿ. ಹೆಂಗಸಿಗೂ ಹೇಳಿದರೆ ಹೇಗೆ? 2007ರಲ್ಲಿ ಅದೇ ಕ್ರೀಡಾವೈದ್ಯರ ಸಂಸ್ಥೆ ಮಾತು ತಿದ್ದಿಕೊಂಡಿತು. ಒಬ್ಬೊಬ್ಬರ ಬೆವರು ಒಂದೊಂದು ಥರ, ಅವರವರ ಲೆಕ್ಕ ಅವರವರದು ಎಂದಿತು.

ಹಾಗಾದರೆ ಲೆಕ್ಕ ಏನು? ಬಾಯಾರಿಕೆಯನ್ನು ನಂಬಿ. ಅದು ದೇವರು ಮೈಯೊಳಗೇ ಇಟ್ಟ ಅಳತೆಗೋಲು. ಹೆಚ್ಚಿನವರಿಗೆ ಗಂಟೆಗೆ 400ರಿಂದ 800 ಮಿಲಿಲೀಟರಿನೊಳಗೆ, ಗುಟುಕು ಗುಟುಕಾಗಿ ಕುಡಿದರೆ ಸಾಕು. ಸಣ್ಣ ಮೈಯವರಿಗೆ, ತಂಪು ಹವೆಯಲ್ಲಿ ಅದರ ಕೆಳಗಿನ ಅಂಚೇ ಸರಿ. ಓಡುವ ಮೊದಲು, ಆಮೇಲೆ ತೂಕ ನೋಡಿಕೊಳ್ಳಿ. 60 ಕೆ.ಜಿ. ಇದ್ದವರು ಒಂದು ಕೆ.ಜಿ. ಇಳಿದಿದ್ದರೆ ಚಿಂತೆಯಿಲ್ಲ, ಮನೆಯಲ್ಲಿ ನಿಧಾನವಾಗಿ ಕುಡಿದು ತುಂಬಿಸಿಕೊಳ್ಳಬಹುದು. ತೂಕ ಏರಿದ್ದರೆ ಮಾತ್ರ ಮುಂದಿನ ಸಲ ನೀರು ತಗ್ಗಿಸಿ. ಒಂದು ಗಂಟೆಯೊಳಗಿನ ಓಟಕ್ಕೆ ಬುತ್ತಿಯೇ ಬೇಡ. ಒಂದೂವರೆ ಗಂಟೆ ದಾಟಿದರೆ ಮಾಂಸಖಂಡದೊಳಗಿನ ಸಕ್ಕರೆಯ ಕಣಜ ಬರಿದಾಗತೊಡಗುತ್ತದೆ. ಆಗ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಮೈಗೆ ಬೇಕು. ಒಂದು ಹದವಾದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ನಂಜನಗೂಡು ರಸಬಾಳೆ ಚಿಕ್ಕದು, ಎರಡು ತಿನ್ನಿ! ಪಾನಕ ಮಾಡುವುದಾದರೆ ಒಂದು ಲೀಟರ್ ನೀರಿಗೆ 60 ಗ್ರಾಂ ಬೆಲ್ಲ, ಕಾಲು ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣು. ಹಬ್ಬದ ಪಾನಕದಷ್ಟು ಸಿಹಿ ಮಾಡಿದರೆ ಹೊಟ್ಟೆಯಲ್ಲಿ ಕುಲುಕುತ್ತದೆ. ನೀರುಮಜ್ಜಿಗೆಯಲ್ಲಿ ಉಪ್ಪುಂಟು, ಸಕ್ಕರೆ ಬಹಳ ಕಡಿಮೆ. ಅದನ್ನು ಓಡಿ ಬಂದ ಮೇಲೆ ಕುಡಿಯುವುದು ಹಿತ. ರಾಗಿ ಅಂಬಲಿಯನ್ನು ಓಟಕ್ಕೆ ಒಂದೆರಡು ಗಂಟೆ ಮೊದಲು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ತಮ್ಮ ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಬುತ್ತಿ ಕಟ್ಟುವುದರಲ್ಲಿ ಮೈಸೂರಿಗೆ ಹೆಸರೂ ಇದೆ. 1950ರಲ್ಲಿ ಚೆಲುವಾಂಬ ಮ್ಯಾನ್ಶನ್ನಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಇರುವುದು ಇಲ್ಲೇ. 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸಿದ್ಧಾರ್ಥನಗರದಲ್ಲಿದೆ. ಹಿಮದ ಗಡಿಯ ಸೈನಿಕರು ಕೆಡದಂತೆ ಒಯ್ಯುವ ಊಟ ಅಲ್ಲಿ ರೂಪುಗೊಳ್ಳುತ್ತದೆ. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಅವರ ಬುತ್ತಿಯಲ್ಲಿದ್ದ ಮಾವಿನ ಹಣ್ಣಿನ ಪಟ್ಟಿ ಮೈಸೂರಿನದು. ನಮ್ಮ ಅಜ್ಜಿಯರು ಮಾವಿನ ರಸವನ್ನು ಚಾಪೆಯ ಮೇಲೆ ಒಣಗಿಸಿ ಮಾಡುತ್ತಿದ್ದ ಹಪ್ಪಳದ ದೊಡ್ಡ ತಂಗಿ ಅದು ಎನ್ನಬಹುದು.

ರಂಜಾನ್ ತಿಂಗಳಿನಲ್ಲಿ ನಮ್ಮ ಬಡಾವಣೆ ಈ ವಿದ್ಯೆಯನ್ನೇ ಬೇರೆ ರೀತಿಯಲ್ಲಿ ಅಭ್ಯಾಸ ಮಾಡುತ್ತದೆ. ಬೆಳಕು ಹರಿಯುವ ಮೊದಲು ಸಹರಿ. ಸೂರ್ಯ ಮುಳುಗಿದ ಮೇಲೆ ಖರ್ಜೂರ, ನೀರು, ಆಮೇಲೆ ಗಂಜಿ. ನಡುವೆ ಒಂದು ಹನಿಯೂ ಇಲ್ಲ. ಆದರೆ ಪ್ರಯಾಣದಲ್ಲಿರುವವರಿಗೆ, ಕಾಯಿಲೆಯವರಿಗೆ ಉಪವಾಸವನ್ನು ಮುಂದಕ್ಕೆ ಹಾಕುವ ಅವಕಾಶ ಆ ಧರ್ಮದಲ್ಲೇ ಇದೆ. 2012ರ ಲಂಡನ್ ಒಲಿಂಪಿಕ್ಸ್ ರಂಜಾನ್ ತಿಂಗಳಿನಲ್ಲೇ ಬಂದಾಗ ಎಷ್ಟೋ ಮುಸ್ಲಿಂ ಕ್ರೀಡಾಪಟುಗಳು ಉಪವಾಸವನ್ನು ಆಮೇಲಿನ ದಿನಗಳಿಗೆ ಇಟ್ಟುಕೊಂಡರು. ಇಲ್ಲಿ ಓಡುವ ಹೆಂಗಸರೂ ಆ ತಿಂಗಳು ಉದ್ದದ ಓಟವನ್ನು ನಿಲ್ಲಿಸಿ, ಇಫ್ತಾರ್ ಮುಗಿದ ಮೇಲೆ ಸ್ವಲ್ಪ ನಡೆಯುತ್ತಾರೆ. ವ್ರತಕ್ಕೂ ಮೈಗೂ ಜಗಳ ಹಚ್ಚದ ಜಾಣತನ ಇದು.

ಇನ್ನು ಎಲ್ಲ ಲೆಕ್ಕವನ್ನೂ ಬುಡಮೇಲು ಮಾಡುವ ಒಂದು ಮಾತು ಉಳಿದಿದೆ. ಅದನ್ನು ಪುಸ್ತಕಗಳು ಹೇಳುವುದಿಲ್ಲ, ಹೆಂಗಸರು ಮಾತ್ರ ಪಿಸುಮಾತಿನಲ್ಲಿ ಹೇಳಿಕೊಳ್ಳುತ್ತಾರೆ. ‘ನಾನು ಬೆಳಿಗ್ಗೆಯಿಂದ ನೀರೇ ಮುಟ್ಟಿಲ್ಲ. ದಾರಿಯಲ್ಲಿ ಅರ್ಜೆಂಟಾದರೆ ಎಲ್ಲಿಗೆ ಹೋಗುವುದು?’ ಓಡುವವರ ಮಾತು ಮಾತ್ರವಲ್ಲ ಇದು. ಬಸ್ಸಿನಲ್ಲಿ ದೂರದ ಹಳ್ಳಿಯ ಶಾಲೆಗೆ ಹೋಗುವ ಟೀಚರುಗಳ ಮಾತು, ಕಂಡಕ್ಟರ್ ಕೆಲಸದ ಹುಡುಗಿಯರ ಮಾತು, ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕರ ಮಾತು, ಆಷಾಢ ಶುಕ್ರವಾರ ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವವರ ಮಾತು. ಗಂಡಸರು ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಾರೆ. ನಾವು ಬಾಯಿ ಕಟ್ಟಿಕೊಳ್ಳುತ್ತೇವೆ. ಉರಿಮೂತ್ರ, ಮೂತ್ರಪಿಂಡದ ಕಲ್ಲು, ತಲೆಸುತ್ತು, ಇವೆಲ್ಲ ಆಮೇಲೆ ಮನೆಯೊಳಗೆ ಸದ್ದಿಲ್ಲದೆ ತೀರಿಸುವ ಸಾಲ. ಸೇಂಟ್ ಲೂಯಿಸ್‌ನಲ್ಲಿ ನೀರನ್ನು ತಡೆದದ್ದು ಮೂಢನಂಬಿಕೆ. 1953ರಲ್ಲಿ ತಡೆದದ್ದು ನಿಯಮ. ನಮ್ಮ ಊರುಗಳಲ್ಲಿ ಇವತ್ತೂ ತಡೆಯುತ್ತಿರುವುದು ಒಂದು ಬಾಗಿಲಿಲ್ಲದಿರುವುದು.

2016ರ ರಿಯೋ ಒಲಿಂಪಿಕ್ಸಿನಲ್ಲಿ ಭಾರತಕ್ಕಾಗಿ ಮ್ಯಾರಥಾನ್ ಓಡಿದ ಓ.ಪಿ. ಜೈಶಾ ನಮ್ಮ ಪಕ್ಕದ ವಯನಾಡಿನವರು. 2 ಗಂಟೆ 47 ನಿಮಿಷದಲ್ಲಿ ಮುಟ್ಟಿ ಅಲ್ಲೇ ಕುಸಿದುಬಿದ್ದರು. ಬೇರೆ ದೇಶದವರಿಗೆ ಅವರವರ ಪಾನೀಯ ದಾರಿಯುದ್ದಕ್ಕೂ ಕಾದಿತ್ತು, ನಮ್ಮ ದೇಶದ ಮೇಜು ಬರಿದಾಗಿತ್ತು ಎಂದು ಅವರು ಹೇಳಿದರು. ಪಾನೀಯ ಬೇಕೆ ಎಂದು ಕೇಳಿದ್ದೆವು, ಅವರ ಕಡೆಯವರೇ ಬೇಡವೆಂದರು ಎಂದು ಅಥ್ಲೆಟಿಕ್ಸ್ ಫೆಡರೇಷನ್ ಹೇಳಿತು. ಯಾರ ಮಾತು ಎಷ್ಟು ಸರಿ ಎಂಬ ಪಂಚಾಯಿತಿ ಒತ್ತಟ್ಟಿಗಿರಲಿ. ಮಗಳು ಅಷ್ಟು ದೂರ ಹೋದಳು, ದಾರಿಗೆ ನೀರು ಇಟ್ಟುಕೊಂಡಳೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವವರು ಒಬ್ಬರಾದರೂ ಇರಬೇಕಿತ್ತಲ್ಲ ಎನ್ನುವುದು ನನ್ನ ನೋವು.

ಆದ್ದರಿಂದ ನಾನು ಹೇಳುವುದು ಇಷ್ಟೇ. ಪಾನಕದ ಹದ ನಮಗೆ ಗೊತ್ತು, ಬುತ್ತಿ ಕಟ್ಟುವುದು ಗೊತ್ತು. ಗಂಡ, ಮಕ್ಕಳು, ಅತಿಥಿ, ದಾರಿಹೋಕ ಎಲ್ಲರಿಗೂ ಕೊಟ್ಟ ಕೈ ನಮ್ಮದು. ಆ ಲೋಟವನ್ನು ಒಮ್ಮೆ ನಮ್ಮ ಬಾಯಿಗೂ ಎತ್ತಿಕೊಳ್ಳಬೇಕು. ಊರಲ್ಲಿ ಓಟದ ಸ್ಪರ್ಧೆ ನಡೆಸುವವರನ್ನು ಟೀ ಶರ್ಟು, ಪದಕದ ವಿಷಯ ಕೇಳುವ ಮೊದಲು, ‘ಎಷ್ಟು ಕಿಲೋಮೀಟರಿಗೊಂದು ನೀರಿನ ಮೇಜು? ಅದರ ಪಕ್ಕದಲ್ಲಿ ಹೆಂಗಸರಿಗೆ ಚೊಕ್ಕಟವಾದ ಶೌಚಾಲಯ ಇದೆಯೆ?’ ಎಂದು ಕೇಳಬೇಕು. ನಗರಪಾಲಿಕೆಯ ಸದಸ್ಯರು ಮತ ಕೇಳಲು ಮನೆ ಬಾಗಿಲಿಗೆ ಬಂದಾಗಲೂ ಇದೇ ಪ್ರಶ್ನೆ. ಹಿಂದಿನವರು ಅರವಟ್ಟಿಗೆಗೆ ಭೂಮಿ ಬಿಟ್ಟರು. ಈ ಕಾಲದ ಅರವಟ್ಟಿಗೆಗೆ ಒಂದು ನಲ್ಲಿ ಮಾತ್ರ ಸಾಲದು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲೂ ಬೇಕು. ಆಗ ಮಾತ್ರ ಹೆಂಗಸು ನಿಶ್ಚಿಂತೆಯಿಂದ ಒಂದು ಲೋಟ ನೀರು ಕುಡಿದು ದೂರದ ದಾರಿ ಹಿಡಿದಾಳು.